ಕಲ್ಲುನೆಲದ ಮೇಲಿನ ಜಾಲ: ಗೌರಿಬಿದನೂರಿನಿಂದ ಮುರುಗಮಲ್ಲಕ್ಕೆ

ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು 2007ರಲ್ಲಿ ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಪಶ್ಚಿಮದ ಗೌರಿಬಿದನೂರಿನಿಂದ ಪೂರ್ವದ ಚಿಂತಾಮಣಿಯವರೆಗೆ ಹಾಯ್ದು, ಅಲ್ಲಿಂದ ಉತ್ತರಕ್ಕೆ ಹೊರಳಿ ಮುರುಗಮಲ್ಲವನ್ನು ತಲುಪುವ ದಾರಿ ಬಹುಮಟ್ಟಿಗೆ ಕಲ್ಲುನೆಲದ ದಾರಿ. ನಂದಿ, ಸ್ಕಂದಗಿರಿ, ಕೈವಾರದ ಬೆಟ್ಟ, ಅಂಬಾಜಿದುರ್ಗ ಎಂದು ಹೆಸರು ಪಡೆದ ಗಿರಿಗಳು ದೂರದಿಂದಲೇ ಗುರುತು ಸಿಗುತ್ತವೆ. ಹೆಸರಿಲ್ಲದ ಹಾಸುಬಂಡೆಗಳೂ ಗುಂಡುಗಲ್ಲಿನ ದಿಬ್ಬಗಳೂ ಹೊಲಗಳ ನಡುವೆಯೇ ಎದ್ದು ನಿಂತಿವೆ. ನಂದಿಯ ಆಸುಪಾಸಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಘ್ನಿ ಮುಂತಾದ ನದಿಗಳಲ್ಲಿ ಒಂದೂ ಇಲ್ಲಿ ವರ್ಷವಿಡೀ ಹರಿಯುವುದಿಲ್ಲವಾದ್ದರಿಂದ, ಸೀಮೆಯ ಬದುಕು ಮೊದಲು ಕೆರೆಗಳನ್ನೂ ಕೆರೆ ಬತ್ತಿದ ಮೇಲೆ ಸಾವಿರ ಅಡಿ ದಾಟಿ ಇಳಿದ ಕೊಳವೆಬಾವಿಗಳನ್ನೂ ನಂಬಿಕೊಂಡು ಬಂದಿದೆ. ಇದೇ ನೆಲದ ಮೇಲೆ ಕಳೆದ ಎರಡೂವರೆ ದಶಕಗಳಲ್ಲಿ ಪಹಣಿ ಕೊಡುವ ಕಂಪ್ಯೂಟರು, ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರ, ಡೇರಿಯ ಹಾಲು ಪರೀಕ್ಷಾ ಯಂತ್ರ, ಗೂಡಿನ ಮಾರುಕಟ್ಟೆಯ ತೂಕದ ಯಂತ್ರ ಎಂದು ಒಂದರ ಹಿಂದೊಂದು ಬಂದು, ಕಾಣದ ಎಳೆಗಳಿಂದ ಬೆಂಗಳೂರಿಗೆ ಕಟ್ಟಿಕೊಂಡಿವೆ. ಅವು ಆಗಾಗ ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಉತ್ತರ ಯಂತ್ರದ ಪೆಟ್ಟಿಗೆಯೊಳಗಿಗಿಂತ ಹೆಚ್ಚಾಗಿ ಅದು ಕುಳಿತ ಊರಿನಲ್ಲಿ, ಊರಿಗೆ ಬರುವ ತಂತಿಯಲ್ಲಿ, ತಂತಿ ಹಾದುಬಂದ ನೆಲದಲ್ಲಿ ಸಿಗುವಂಥದ್ದು; ಅದನ್ನು ಅರಿಯಲು ಈ ದಾರಿಯನ್ನು ಊರೂರು ನೋಡುತ್ತ ಸಾಗಬೇಕಾಗುತ್ತದೆ.

ಜಾಲಕ್ಕೆ ಸೇರಿದ ಯಂತ್ರವೆಂದರೆ ತನ್ನ ಕೆಲಸವನ್ನು ತಾನೊಂದೇ ಮುಗಿಸಲಾರದ ಯಂತ್ರ. ಹಳೆಯ ತಕ್ಕಡಿಗೆ ಕಲ್ಲು ಮತ್ತು ಕೈ ಎರಡಿದ್ದರೆ ಸಾಕಾಗಿತ್ತು. ಈಗಿನ ತೂಕದ ಯಂತ್ರವಾಗಲಿ ಬೆರಳಚ್ಚಿನ ಯಂತ್ರವಾಗಲಿ ತಾನು ಕಂಡದ್ದನ್ನು ಸರ್ವರ್ ಎಂಬ ದೂರದ ಕಂಪ್ಯೂಟರಿಗೆ ಒಪ್ಪಿಸಿ, ಅಲ್ಲಿಂದ ಮರುತ್ತರ ಬಂದ ಮೇಲಷ್ಟೇ ಚೀಟಿಯನ್ನು ಹೊರಹಾಕುತ್ತದೆ. ಪೂರ್ತಿ ಕೆಟ್ಟುನಿಂತ ಯಂತ್ರ ದುರಸ್ತಿಗಾರರಿಗೆ ಅಷ್ಟೇನೂ ಕಷ್ಟದ್ದಲ್ಲ, ಏಕೆಂದರೆ ಅದು ಕೆಟ್ಟಿರುವುದನ್ನು ಎಲ್ಲರೂ ಒಪ್ಪುತ್ತಾರೆ. ಕಷ್ಟ ಕೊಡುವುದು ಬಿಟ್ಟು ಬಿಟ್ಟು ಬರುವ ದೋಷ: ಬೆಳಿಗ್ಗೆ ನಡೆದು ಮಧ್ಯಾಹ್ನ ನಿಲ್ಲುವ, ಪರಿಶೀಲನೆಗೆ ಬಂದವರ ಎದುರಿನಲ್ಲಿ ಸುಸೂತ್ರವಾಗಿ ಓಡಿ ಅವರು ಬಸ್ಸು ಹತ್ತಿದ ಮೇಲೆ ಮತ್ತೆ ಸ್ತಬ್ಧವಾಗುವ ದೋಷ. ಅಂತಹ ದೋಷಕ್ಕೆ ಒಂದು ಹೊತ್ತೂ ಒಂದು ಜಾಗವೂ ಇದ್ದೇ ಇರುತ್ತವೆ. ಅವೆರಡನ್ನು ಹಿಡಿಯುವ ಮೊದಲೇ ಯಂತ್ರವನ್ನು ಬದಲಾಯಿಸಿದರೆ ಹೊಸ ಯಂತ್ರವೂ ಹಳೆಯದರಂತೆಯೇ ನಿಲ್ಲುತ್ತದೆ.

ಗೌರಿಬಿದನೂರಿನಿಂದ ಪಯಣವನ್ನು ಆರಂಭಿಸುವುದಕ್ಕೆ ಕಾರಣವಿದೆ. 1960ರ ದಶಕದ ಮಧ್ಯದಲ್ಲಿ, ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯ ಸಹಯೋಗದೊಂದಿಗೆ, ಈ ಪಟ್ಟಣದ ಸುತ್ತಲಿನ ಬಂಡೆನೆಲದಲ್ಲಿ ಒಂದು ಕಂಪನಮಾಪಕ ಸಾಲನ್ನು ಹೂಡಲಾಯಿತು. ಭಾಭಾ ಪರಮಾಣು ಸಂಶೋಧನಾ ಕೇಂದ್ರ ನಡೆಸಿಕೊಂಡು ಬಂದ ಈ ಸಾಲು ದೂರದ ಭೂಕಂಪಗಳನ್ನೂ ನೆಲದಡಿಯ ಅಣುಸ್ಫೋಟಗಳನ್ನೂ ಗುರುತಿಸಲೆಂದು ಹುಟ್ಟಿದ್ದು. ಕಂಪನಮಾಪಕವೆಂದರೆ ನೆಲದ ಅತಿ ಸಣ್ಣ ಅದುರುವಿಕೆಯನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ. ಇಪ್ಪತ್ತು ಕಂಪನಮಾಪಕಗಳನ್ನು ಹಲವು ಕಿಲೋಮೀಟರು ಉದ್ದದ ಎರಡು ತೋಳುಗಳಲ್ಲಿ, ಇಂಗ್ಲಿಷಿನ ಎಲ್ ಅಕ್ಷರದ ಆಕಾರಕ್ಕೆ ಜೋಡಿಸಲಾಯಿತು. ಸ್ಥಳದ ಆಯ್ಕೆಗೆ ಗಟ್ಟಿಯಾದ, ಪುರಾತನವಾದ, ಗದ್ದಲವಿಲ್ಲದ ಶಿಲೆಯೇ ಆಧಾರ. ಮೆತ್ತನೆಯ ಮೆಕ್ಕಲುಮಣ್ಣು ತಾನೇ ಅದುರಿ ದೂರದ ದನಿಯನ್ನು ಮುಚ್ಚಿಹಾಕುತ್ತದೆ, ಆದರೆ ಇಲ್ಲಿಯ ಬಂಡೆ ಸಾವಿರಾರು ಕಿಲೋಮೀಟರು ಆಚೆಯ ಕಂಪನವನ್ನೂ ಚೊಕ್ಕವಾಗಿ ತಂದು ಮುಟ್ಟಿಸುತ್ತದೆ.

ಈ ಸಾಲು ದೋಷವನ್ನು ಪತ್ತೆಮಾಡುವ ಬಗೆ ಜಾಲದ ಕೆಲಸ ಮಾಡುವ ಯಾರೇ ಆದರೂ ಕಲಿಯಬೇಕಾದಷ್ಟು ಸರಳವಾಗಿದೆ. ದೂರದಿಂದ ಬಂದ ನಿಜವಾದ ಕಂಪನ ಇಪ್ಪತ್ತೂ ಮಾಪಕಗಳನ್ನು ದಾಟಿಯೇ ಹೋಗಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ಸೆಕೆಂಡುಗಳ ಲೆಕ್ಕದ ಅಂತರದಲ್ಲಿ, ಒಂದೇ ಕ್ರಮದಲ್ಲಿ, ಅದರ ಗುರುತು ಎಲ್ಲದರ ಮೇಲೂ ಮೂಡಬೇಕು. ಒಂದೇ ಮಾಪಕದಲ್ಲಿ ಕಂಡು ನೆರೆಯ ಮಾಪಕದಲ್ಲಿ ಕಾಣದ ಅದುರುವಿಕೆಗೆ ಆ ಒಂದರ ಬಳಿ ಹಾದುಹೋದ ಎತ್ತಿನ ಗಾಡಿಯೋ ಪಂಪ್‌ಸೆಟ್ಟೋ ಸಡಿಲಗೊಂಡ ಜೋಡಣೆಯೋ ಕಾರಣವಿರುತ್ತದೆ. ಸಾಧನವನ್ನು ಬಿಚ್ಚುವುದಕ್ಕೆ ಮೊದಲು ನೆರೆಯ ಸಾಧನವನ್ನು ಕೇಳುವುದು ಇಲ್ಲಿಯ ನಿಯಮ. ಒಂದು ಹೋಬಳಿಯಲ್ಲಿ ಪಡಿತರದ ಯಂತ್ರ ನಿಂತಾಗ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಪಕ್ಕದ ಊರಿನ ಅಂಗಡಿಯಲ್ಲಿಯೂ ನಿಂತಿದೆಯೇ? ಎಲ್ಲ ಕಡೆಯೂ ನಿಂತಿದ್ದರೆ ದೋಷ ರಾಜಧಾನಿಯಲ್ಲಿದೆ, ಕಾಯುವುದಲ್ಲದೆ ಬೇರೆ ದಾರಿಯಿಲ್ಲ. ಒಂದೇ ಊರಿನಲ್ಲಿ ನಿಂತಿದ್ದರೆ ಊರಿನ ಟವರನ್ನೋ ಕರೆಂಟನ್ನೋ ನೋಡಬೇಕು. ಒಂದೇ ಅಂಗಡಿಯಲ್ಲಿ ನಿಂತಿದ್ದರೆ ಮಾತ್ರ ಯಂತ್ರವನ್ನು ಕೈಗೆತ್ತಿಕೊಳ್ಳಬೇಕು. ಒಂದು ದೂರವಾಣಿ ಕರೆಯಲ್ಲಿ ಮುಗಿಯುವ ಈ ವಿಚಾರಣೆಯನ್ನು ಬಿಟ್ಟು ಮೊದಲೇ ಯಂತ್ರವನ್ನು ತಟ್ಟಿ, ಆರಿಸಿ, ಮತ್ತೆ ಹಚ್ಚುವ ರೂಢಿ ಬಲವಾಗಿ ಬೇರೂರಿರುವುದು ವಿಷಾದದ ಸಂಗತಿ.

ಇದೇ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಕೂಡಿ ಕಟ್ಟಿದ ರೇಡಿಯೋ ದೂರದರ್ಶಕ ಇನ್ನೊಂದು ಪಾಠವನ್ನು ಮುಂದಿಡುತ್ತದೆ. 34.5 ಮೆಗಾಹರ್ಟ್ಸ್ ಆವರ್ತನದಲ್ಲಿ, ಅಂದರೆ ಸುಮಾರು 8.7 ಮೀಟರು ಉದ್ದದ ರೇಡಿಯೋ ಅಲೆಗಳಲ್ಲಿ, ಆಕಾಶವನ್ನು ಆಲಿಸಲು ಸಾವಿರ ದ್ವಿಧ್ರುವ ಆಂಟೆನಾಗಳನ್ನು ಟಿ ಅಕ್ಷರದ ಆಕಾರಕ್ಕೆ ನೆಲದ ಮೇಲೆ ಹರಡಲಾಗಿತ್ತು. ದ್ವಿಧ್ರುವವೆಂದರೆ ಎರಡು ತೋಳುಗಳ ಸರಳವಾದ ತಂತಿ ಆಂಟೆನಾ. ಗಾಳಿಗೆ ಒಂದು ತಂತಿ ಹರಿದರೂ ಸಾವಿರದಲ್ಲಿ ಒಂದು ಕಡಿಮೆಯಾಗುತ್ತದೆಯೇ ಹೊರತು ವೀಕ್ಷಣೆ ನಿಲ್ಲುವುದಿಲ್ಲ. ಇದಕ್ಕೆ ಹೋಲಿಸಿದರೆ, ಜನರ ಪಹಣಿಯೂ ಪಡಿತರವೂ ಆತುಕೊಂಡಿರುವ ಹೋಬಳಿಯ ಜಾಲ ಒಂದೇ ಎಳೆಯ ಮೇಲೆ ನಿಂತಿರುವುದುಂಟು. ಎರಡನೆಯ ಎಳೆ ದುಬಾರಿಯೆಂಬುದು ನಿಜವಾದರೂ, ಮೊದಲನೆಯ ಎಳೆ ಹರಿದ ದಿನ ಸರತಿಯಲ್ಲಿ ನಿಂತವರು ಕಳೆದುಕೊಂಡ ಕೂಲಿಯನ್ನು ಯಾವ ಅಂದಾಜುಪಟ್ಟಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಚಿಕ್ಕಬಳ್ಳಾಪುರದ ದಾರಿಯಲ್ಲಿ ದ್ರಾಕ್ಷಿಯ ಚಪ್ಪರಗಳೂ ಹೂವಿನ ಹೊಲಗಳೂ ಹೆಚ್ಚಾಗುತ್ತವೆ. ರಸ್ತೆಯ ಅಂಚಿನಲ್ಲಿ, ಆಪ್ಟಿಕಲ್ ಫೈಬರ್ ಹೂತಿದೆ ಎಂದು ಎಚ್ಚರಿಸುವ ಮೋಟುಕಂಬಗಳೂ ಕಾಣಸಿಗುತ್ತವೆ. 2011ರಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂಬ ಹೆಸರು ತಳೆದ ಯೋಜನೆ ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಈ ಗಾಜಿನ ಎಳೆಯನ್ನು ಮುಟ್ಟಿಸುವ ಗುರಿ ಹೊಂದಿತ್ತು. ಎಳೆಯೊಳಗೆ ಹರಿಯುವುದು ಬೆಳಕು. ತಾಲ್ಲೂಕು ಕೇಂದ್ರದ ಯಂತ್ರದಿಂದ ಹೊರಟ ಬೆಳಕು ಕವಲುಗಳಲ್ಲಿ ಹಂಚಿಹೋಗಿ ಪಂಚಾಯಿತಿಯ ಪೆಟ್ಟಿಗೆಯನ್ನು ತಲುಪುವ ಹೊತ್ತಿಗೆ ಬಹಳ ಕ್ಷೀಣಿಸಿರುತ್ತದೆ. ಒಂದು ಮಿಲಿವ್ಯಾಟಿನ ಐನೂರನೆಯ ಒಂದು ಪಾಲಿನಷ್ಟು ಬೆಳಕು ಬಂದರೂ ಪೆಟ್ಟಿಗೆ ಅದನ್ನು ಓದಬಲ್ಲದು. ಅದಕ್ಕೂ ಕಡಿಮೆಯಾದರೆ ಕೆಂಪು ದೀಪ ಹತ್ತುತ್ತದೆ. ತೊಂದರೆಯಿರುವುದು ಆ ಗೆರೆಯ ಮೇಲೆಯೇ ನಿಂತ ಸಂಪರ್ಕಗಳಲ್ಲಿ. ಜೋಡಣೆಯ ತುದಿಯಲ್ಲಿ ಕುಳಿತ ಧೂಳು, ಮೇಜಿನ ಕಾಲಿಗೆ ಸಿಕ್ಕಿ ಮುರುಚಿಕೊಂಡ ಎಳೆ, ಬಿಸಿಲಿಗೆ ಹಿಗ್ಗಿದ ಜೋಡುಪೆಟ್ಟಿಗೆ ಇವುಗಳಲ್ಲಿ ಯಾವುದಾದರೂ ಒಂದಷ್ಟು ಬೆಳಕನ್ನು ಕಸಿದರೂ ಹಸಿರು ದೀಪ ಮಧ್ಯಾಹ್ನಕ್ಕೆ ಕೆಂಪಾಗಿ ಸಂಜೆಗೆ ಮತ್ತೆ ಹಸಿರಾಗುತ್ತದೆ. ಒಂದೂವರೆ ಮೀಟರಿಗೂ ಹೆಚ್ಚು ಆಳದಲ್ಲಿ ಕೇಬಲನ್ನು ಹೂಳಬೇಕೆಂಬುದು ಕ್ರಮವಾದರೂ ಬಂಡೆ ಅಡ್ಡಬಂದಲ್ಲಿ ಅಷ್ಟು ಆಳ ದಕ್ಕುವುದಿಲ್ಲ. ಮೇಲ್ಮಟ್ಟದಲ್ಲೇ ಉಳಿದ ಕೇಬಲು ರಸ್ತೆ ಅಗಲಿಸುವಾಗಲೋ ನೀರಿನ ಪೈಪು ಹೂಳುವಾಗಲೋ ಜೆಸಿಬಿಯ ಹಲ್ಲಿಗೆ ಸಿಗುತ್ತದೆ. ಗೌರಿಬಿದನೂರಿನಲ್ಲಿ ಅನುಕೂಲವಾಗಿದ್ದ ಕಲ್ಲು ಇಲ್ಲಿ ತೊಡಕಾಗಿದೆ.

ಶಿಡ್ಲಘಟ್ಟ ರೇಷ್ಮೆಯ ಊರು. ರಾಮನಗರದೊಂದಿಗೆ ರಾಜ್ಯದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳ ಸಾಲಿಗೆ ಸೇರುವ ಇಲ್ಲಿಯ ಮಾರುಕಟ್ಟೆಗೆ ಹಿಪ್ಪುನೇರಳೆ ಬೆಳೆಯುವ ಸುತ್ತಲಿನ ಹಳ್ಳಿಗಳಿಂದಲೂ ದೂರದ ತಾಲ್ಲೂಕುಗಳಿಂದಲೂ ರೈತರು ಗೂಡು ತರುತ್ತಾರೆ. 1959ರ ರೇಷ್ಮೆ ಕಾಯಿದೆಯ ಪ್ರಕಾರ ಗೂಡಿನ ವಹಿವಾಟು ಸರ್ಕಾರದ ನಿಯಂತ್ರಣದ ಮಾರುಕಟ್ಟೆಯಲ್ಲೇ ನಡೆಯಬೇಕಾದ್ದರಿಂದ ಹರಾಜು ನಿಂತರೆ ರೈತರಿಗೆ ಬೇರೆ ಬಾಗಿಲಿಲ್ಲ. ಗೂಡು ಕಾಯುವ ಸರಕೂ ಅಲ್ಲ. ಹುಳುವನ್ನು ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ತಟ್ಟೆಗೆ ಬಿಟ್ಟ ಐದಾರು ದಿನಗಳಲ್ಲಿ ಗೂಡನ್ನು ಬಿಡಿಸಿ ಮಾರುಕಟ್ಟೆಗೆ ತರಬೇಕು. ಇನ್ನೂ ಕೆಲವೇ ದಿನ ಕಳೆದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ಎಡೆಬಿಡದ ನೂಲು ಸಿಗುವುದಿಲ್ಲ. ಮಾರುಕಟ್ಟೆಯಲ್ಲಿ ಕಾಯುವ ಪ್ರತಿ ಗಂಟೆಯೂ ಜೀವಂತ ಕೋಶ ಉಸಿರಾಡುತ್ತ ತೇವ ಕಳೆದುಕೊಳ್ಳುವುದರಿಂದ ರೈತನ ತೂಕವೂ ಅಷ್ಟಷ್ಟಾಗಿ ಇಳಿಯುತ್ತದೆ. ಇಂತಹ ಕಡೆ ಜಾಲದ ಹರಾಜು ಅರ್ಧ ದಿನ ಸ್ಥಗಿತಗೊಳ್ಳುವುದೆಂದರೆ ಅದರ ನಷ್ಟ ರೈತನ ಚೀಟಿಯಲ್ಲಿಯೇ ಗ್ರಾಂಗಳಾಗಿ ಮೂಡುತ್ತದೆ.

ಹಿಂದೆ ಕೂಗಿನ ಹರಾಜು ನಡೆಯುತ್ತಿದ್ದಲ್ಲಿ ಈಗ ಪ್ರತಿ ರೈತನ ಗೂಡಿಗೆ ಲಾಟು ಸಂಖ್ಯೆ ಬೀಳುತ್ತದೆ. ನೂಲು ಬಿಚ್ಚಾಣಿಕೆದಾರರು, ಅಂದರೆ ರೀಲರುಗಳು, ಲಾಟುಗಳನ್ನು ಕೈಯಾಡಿಸಿ ನೋಡಿ ಮೊಬೈಲಿನಲ್ಲಿ ದರ ನಮೂದಿಸುತ್ತಾರೆ. ದರ ಒಪ್ಪಿಗೆಯಾದ ಮೇಲೆ ತೂಕ ಕಂಪ್ಯೂಟರಿಗೆ ಹೋಗುತ್ತದೆ. ಕೂಗಿನ ಗದ್ದಲದಲ್ಲಿ ನಡೆಯಬಹುದಾಗಿದ್ದ ಒಳಒಪ್ಪಂದಗಳಿಗೆ ಇದು ಕಡಿವಾಣ ಹಾಕಿತೆಂಬುದನ್ನು ಒಪ್ಪಿಯೇ ಮುಂದಿನ ಮಾತನ್ನು ಆಡಬೇಕು. ತೂಕದ ಯಂತ್ರದ ಹಲಗೆಯ ಅಡಿಯಲ್ಲಿ ಭಾರಕೋಶವೆಂಬ ಲೋಹದ ತುಂಡೊಂದು ಇರುತ್ತದೆ. ಅದಕ್ಕೆ ಅಂಟಿಸಿದ ಸೂಕ್ಷ್ಮ ತಂತಿಗಳು ಭಾರಕ್ಕೆ ಕೂದಲಿನಷ್ಟು ಹಿಗ್ಗಿದಾಗ ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ. ತುಂಬಿದ ಭಾರಕ್ಕೂ ಅದು ಕೊಡುವ ಸಂಕೇತ ಹತ್ತಿಪ್ಪತ್ತು ಮಿಲಿವೋಲ್ಟಿಗಿಂತ ಹೆಚ್ಚಿರುವುದಿಲ್ಲ. ಒಂದು ಮಿಲಿವೋಲ್ಟ್ ಎಂದರೆ ಟಾರ್ಚಿನ ಸೆಲ್ಲೊಂದರ ವಿದ್ಯುದೊತ್ತಡದ ಸಾವಿರದ ಐನೂರನೆಯ ಒಂದು ಭಾಗ. ಅಷ್ಟು ಸಣ್ಣ ಸಂಕೇತವನ್ನು ಹೊತ್ತ ಕೇಬಲಿನ ಜೋಡಣೆಯೊಳಗೆ ಮಳೆಗಾಲದ ತೇವ ಹೊಕ್ಕರೆ, ಅದರ ಮೇಲೆ ಗೂಡಿನ ಪುಡಿಯೂ ಧೂಳೂ ಕೂತರೆ, ಅಂಕಿ ನಿಂತಲ್ಲಿ ನಿಲ್ಲದೆ ತೇಲಾಡತೊಡಗುತ್ತದೆ. ಸೂಚಕದಿಂದ ಕಂಪ್ಯೂಟರಿಗೆ ಹೋಗುವ ಕೇಬಲಿನ ತುದಿಯಲ್ಲಿ ಎರಡು ಪುಟ್ಟ ತಿರುಪುಗಳಿರುತ್ತವೆ. ಅವನ್ನು ಬಿಗಿಯದೆ ಬರಿದೆ ಸಿಕ್ಕಿಸಿಟ್ಟರೆ, ಹಲಗೆಯ ಮೇಲೆ ಕ್ರೇಟು ಇಳಿಸಿದ ಪ್ರತಿ ಸಲವೂ ಕೊಂಡಿ ಒಂದಿಷ್ಟು ಜರುಗಿ, ಹತ್ತಾರು ತೂಕ ಸರಿಯಾಗಿ ಹೋದ ಮೇಲೆ ಮುಂದಿನದು ಕಂಪ್ಯೂಟರನ್ನು ತಲುಪುವುದೇ ಇಲ್ಲ. ಪರದೆಯ ಮೇಲೆ ಕಾಣುವ ತಪ್ಪಿನ ಸಂದೇಶ ಮಾತ್ರ ಸಂಪರ್ಕವಿಲ್ಲವೆಂದೇ ಇರುತ್ತದೆಯಾದ್ದರಿಂದ ಎಲ್ಲರ ನೋಟವೂ ಬೆಂಗಳೂರಿನ ಸರ್ವರಿನತ್ತ ಹೋಗುತ್ತದೆ.

ಮಾರುಕಟ್ಟೆಯಿಂದ ಗೂಡು ಊರಿನ ಓಣಿಗಳಲ್ಲಿರುವ ಬಿಚ್ಚಾಣಿಕೆ ಮನೆಗಳಿಗೆ ಸಾಗುತ್ತದೆ. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ ತೆಗೆಯುವ ಹೆಂಗಸರ, ಗಂಡಸರ ಕೈಗಳು ದಿನವಿಡೀ ನೀರಿನಲ್ಲಿ ನೆನೆದು, ಬೆಂದು, ಸಿಪ್ಪೆ ಸುಲಿದು, ಬೆರಳ ತುದಿಯ ಗೆರೆಗಳು ನುಣುಪಾಗುತ್ತವೆ. ಜಾಲದ ಯಂತ್ರಗಳ ಬಗೆಗಿನ ಬರಹಗಳಲ್ಲಿ ಇದಕ್ಕೆ ಸ್ಥಾನವಿರುವುದು ಅಪರೂಪ, ಆದರೆ ಈ ಸೀಮೆಯಲ್ಲಿ ಇದನ್ನು ಬಿಟ್ಟು ಬೆರಳಚ್ಚಿನ ಯಂತ್ರದ ಕುರಿತು ಮಾತನಾಡಲಾಗದು. ಬೆರಳಚ್ಚಿನ ಯಂತ್ರ ಗೆರೆಗಳು ಕವಲೊಡೆಯುವ, ಕೊನೆಗೊಳ್ಳುವ ಬಿಂದುಗಳನ್ನು ಗುರುತಿಸಿ, ನೋಂದಣಿಯ ದಿನ ದಾಖಲಾದ ಬಿಂದುಗಳೊಡನೆ ಹೋಲಿಸುವಂತೆ ಕಳಿಸುತ್ತದೆ. ಗೆರೆಯೇ ಸವೆದಲ್ಲಿ ಕಳಿಸುವುದಕ್ಕೆ ಬಿಂದುಗಳು ಸಾಲುವುದಿಲ್ಲ. ಯಂತ್ರ ಹೊಸದಿರಬಹುದು, ಜಾಲ ವೇಗದ್ದಿರಬಹುದು, ಸರ್ವರು ಎಚ್ಚರವಾಗಿರಬಹುದು, ಆದರೂ ಕೆಲಸ ಆಗುವುದಿಲ್ಲ. ಇದನ್ನು ಯಂತ್ರದ ದೋಷವೆಂದು ಬರೆದುಕೊಂಡರೂ ಫಲಾನುಭವಿಯ ದೋಷವೆಂದು ಬರೆದುಕೊಂಡರೂ ತಪ್ಪೇ. ದುಡಿಮೆಯ ಸ್ವರೂಪವನ್ನು ಅರಿಯದೆ ಸಾಧನವನ್ನು ಆರಿಸಿದವರ ಹೊಣೆ ಅದು.

ಚಿಂತಾಮಣಿಯ ರಸ್ತೆಯಲ್ಲಿ ಟೊಮೇಟೊ ತೋಟಗಳೂ ನೀಲಗಿರಿ ತೋಪುಗಳೂ ಎದುರಾಗುತ್ತವೆ. ನಡುನಡುವೆ ಕೊಳಚೆನೀರನ್ನು ಸಂಸ್ಕರಿಸಿ ಬೆಂಗಳೂರಿನಿಂದ ಹರಿಸುವ ಯೋಜನೆಗಳಿಂದ ಮತ್ತೆ ನೀರು ಕಂಡ ಕೆರೆಗಳೂ ಇವೆ. ಚಿಂತಾಮಣಿಯಂತಹ ತಾಲ್ಲೂಕು ಕೇಂದ್ರಗಳ ಜಾಲದ ಕಥೆ ಭೂಮಿ ಯೋಜನೆಯಿಂದ ಆರಂಭವಾಗುತ್ತದೆ. ಈ ಶತಮಾನದ ಹೊಸ್ತಿಲಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಇಳಿಸಿ, ತಾಲ್ಲೂಕು ಕಚೇರಿಗಳಲ್ಲಿ ಕಿಯಾಸ್ಕುಗಳನ್ನು ತೆರೆದಾಗ, ನೌಕರರ ಪರದೆಯಲ್ಲಿ ಕಾಣುವುದೇ ರೈತರಿಗೂ ಕಾಣಲೆಂದು ಎರಡನೆಯ ಪರದೆಯೊಂದನ್ನು ಅವರ ಕಡೆಗೆ ತಿರುಗಿಸಿ ಇರಿಸಲಾಗಿತ್ತು. ಆ ಏರ್ಪಾಟಿನ ಹಿಂದಿದ್ದ ಕಾಳಜಿ ದೊಡ್ಡದು, ಯಂತ್ರ ನಿಂತ ದಿನಕ್ಕೂ ಅದನ್ನು ಚಾಚಬೇಕಾಗಿತ್ತು. ಕೈಬರಹದ ಪಹಣಿಗೆ ಮಾನ್ಯತೆ ತೆಗೆದುಹಾಕಿದ ಮೇಲೆ ಕಂಪ್ಯೂಟರಿಗೆ ಬದಲಿ ಉಳಿಯಲಿಲ್ಲ. ಹಾಗಿರುವಾಗ, ಏನು ನಿಂತಿದೆ, ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಸರಿಹೋಗಬಹುದು ಎಂಬುದನ್ನು ತಿಳಿಯುವ ಹಕ್ಕು ಸರತಿಯಲ್ಲಿ ನಿಂತವರಿಗೆ ಇದೆ ಎಂಬುದು ಈ ಬರಹದ ನಿಲುವು.

ಕಚೇರಿಯೊಳಗಿನ ದೋಷಗಳಲ್ಲಿ ಎರಡು ಬಗೆಯವು ಬಹುಕಾಲ ಪತ್ತೆಯಾಗದೆ ಕಾಡುವುದರಿಂದ ಅವನ್ನಿಲ್ಲಿ ವಿವರಿಸಬೇಕು. ಒಂದು, ವಿಳಾಸದ ದೋಷ. ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಐಪಿ ವಿಳಾಸವೆಂಬ ಸಂಖ್ಯೆ ಇರಬೇಕು, ಒಂದರದು ಇನ್ನೊಂದಕ್ಕಿರಬಾರದು. ಹಿಂದೆ ಯಾರೋ ಪ್ರಿಂಟರಿಗೆ ಕೈಯಾರೆ ಬರೆದಿಟ್ಟ ಸಂಖ್ಯೆಯನ್ನೇ ರೂಟರು ಹೊಸದಾಗಿ ಬಂದ ಕಂಪ್ಯೂಟರಿಗೆ ಹಂಚಿದರೆ, ಎರಡೂ ಹಚ್ಚಿರುವ ಹೊತ್ತಿನಲ್ಲಿ ಮಾತ್ರ ಎರಡೂ ತೊದಲುತ್ತವೆ. ಒಂದನ್ನು ಆರಿಸಿದ ಕೂಡಲೇ ಇನ್ನೊಂದು ಸರಿಹೋಗುತ್ತದೆ. ಇನ್ನೊಂದು, ಗಡಿಯಾರದ ದೋಷ. ಕಂಪ್ಯೂಟರಿನ ಒಳಹಲಗೆಯ ಮೇಲೆ ನಾಣ್ಯದಷ್ಟಗಲದ ಸೆಲ್ಲೊಂದಿದ್ದು, ಕರೆಂಟಿಲ್ಲದಾಗಲೂ ದಿನಾಂಕವನ್ನು ಕಾಯುತ್ತಿರುತ್ತದೆ. ಅದು ಸತ್ತರೆ, ರಾತ್ರಿ ಕರೆಂಟು ಹೋಗಿ ಬೆಳಿಗ್ಗೆ ಹಚ್ಚಿದಾಗ ಕಂಪ್ಯೂಟರು ಹಲವು ವರ್ಷ ಹಿಂದಿನ ದಿನಾಂಕದಲ್ಲಿ ಎಚ್ಚರಗೊಳ್ಳುತ್ತದೆ. ಸರ್ಕಾರಿ ಜಾಲತಾಣ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರ ಇಂತಿಷ್ಟು ದಿನಾಂಕದಿಂದ ಇಂತಿಷ್ಟರವರೆಗೆ ಮಾನ್ಯವೆಂದಿರುವುದರಿಂದ, ಹಳೆಯ ದಿನಾಂಕದಲ್ಲಿ ಸಿಲುಕಿದ ಕಂಪ್ಯೂಟರು ಅದನ್ನು ನಂಬದೆ ಬಾಗಿಲು ಮುಚ್ಚುತ್ತದೆ. ಕೇಬಲು ಸರಿಯಿದೆ, ಫೈಬರು ಸರಿಯಿದೆ, ಪಕ್ಕದ ಮೇಜಿನಲ್ಲಿ ಎಲ್ಲವೂ ನಡೆಯುತ್ತಿದೆ. ಕೆಲವೇ ರೂಪಾಯಿಯ ಸೆಲ್ಲನ್ನು ಬದಲಿಸುವವರೆಗೆ ಒಂದು ಮೇಜು ವಾರಗಟ್ಟಲೆ ಸುಮ್ಮನಿರುತ್ತದೆ.

ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿ ದೋಷಕ್ಕೆ ಸಮಯದ ಗಡುವು ಇನ್ನೂ ಬಿಗಿಯಾದದ್ದು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಕ್ಯಾನು ಹಿಡಿದು ಬರುವವರ ಹಾಲಿನ ಜಿಡ್ಡನ್ನೂ ಜಿಡ್ಡೇತರ ಘನಾಂಶವನ್ನೂ ಯಂತ್ರ ಅಳೆದು ದರ ನಿಗದಿಪಡಿಸುತ್ತದೆ. ರಾಜ್ಯ ಸರ್ಕಾರದ ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನಕ್ಕೂ ಸಂಘದ ದಾಖಲೆಯೇ ಆಧಾರ. ಹಾಲಿನಲ್ಲಿ ಗಾಳಿಗುಳ್ಳೆಗಳಿದ್ದರೆ, ನಳಿಕೆಯಲ್ಲಿ ಹಿಂದಿನ ದಿನದ ಹಾಲು ಕಟ್ಟಿದ್ದರೆ, ಪಂಪ್‌ಸೆಟ್ಟುಗಳು ಒಮ್ಮೆಲೇ ಹತ್ತಿ ಓಲ್ಟೇಜು ಕುಸಿದರೆ, ಯಂತ್ರ ನಿಲ್ಲುವುದಿಲ್ಲ, ತಪ್ಪು ಅಂಕಿಯನ್ನು ಕೊಡುತ್ತದೆ. ನಿಂತ ಯಂತ್ರಕ್ಕಿಂತ ತಪ್ಪು ಹೇಳುವ ಯಂತ್ರ ಹೆಚ್ಚು ಹಾನಿ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಗರ್ಬರ್ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ, ಗಂಧಕಾಮ್ಲದಿಂದ ಜಿಡ್ಡನ್ನು ಬೇರ್ಪಡಿಸಿ ಗಾಜಿನ ಕೊಳವೆಯಲ್ಲಿ ಅಳೆಯುವ ಹಳೆಯ ಪರೀಕ್ಷೆ ಇಂದಿಗೂ ಇಂತಹ ಯಂತ್ರಗಳಿಗೆ ಒರೆಗಲ್ಲು. ಅದನ್ನು ಆಗಾಗ ಮಾಡುವ ಸಂಘದಲ್ಲಿ ಯಂತ್ರದ ಮೇಲಿನ ಜಗಳವೂ ಕಡಿಮೆ.

ಚಿಂತಾಮಣಿಯಿಂದ ಉತ್ತರಕ್ಕೆ, ಆಂಧ್ರದ ಗಡಿಯ ಕಡೆಗೆ ಸಾಗಿದರೆ ಮುರುಗಮಲ್ಲ ಸಿಗುತ್ತದೆ. ಕನ್ನಡ, ತೆಲುಗು, ಉರ್ದು ಮೂರೂ ಬೀದಿಯಲ್ಲಿ ಕೇಳಿಬರುವ ಈ ಊರು ಎರಡು ಪುಣ್ಯಸ್ಥಳಗಳಿಂದ ಹೆಸರಾಗಿದೆ: ಅಮ್ಮಾಜಾನ್–ಬಾವಾಜಾನ್ ದರ್ಗಾ ಮತ್ತು ಮುಕ್ತೀಶ್ವರ ದೇವಾಲಯ. ದರ್ಗಾಕ್ಕೆ ಕರ್ನಾಟಕದಿಂದಲ್ಲದೆ ಆಂಧ್ರ, ತಮಿಳುನಾಡುಗಳಿಂದಲೂ ಎಲ್ಲ ಧರ್ಮಗಳ ಜನ ಬರುತ್ತಾರೆ. ಮನಸ್ಸಿನ ಕಾಯಿಲೆಯಿಂದ ಬಳಲುವವರನ್ನು ಮನೆಯವರು ಕರೆತಂದು ಇಲ್ಲಿ ತಂಗುವ ರೂಢಿಯೂ ಇದೆ. ಹೋಬಳಿಯ ಕೇಂದ್ರವಾದ್ದರಿಂದ ಜಾತಿ, ಆದಾಯದ ಪ್ರಮಾಣಪತ್ರಗಳಿಗೂ ಪಹಣಿಗೂ ಸುತ್ತಲಿನ ಹಳ್ಳಿಗಳವರು ಬರಬೇಕಾದದ್ದು ಇಲ್ಲಿಗೇ. ಉರುಸಿನ ದಿನಗಳಲ್ಲಿ ಊರಿನ ಜನಸಂಖ್ಯೆ ಹಲವು ಪಟ್ಟು ಹೆಚ್ಚಿದಾಗ ಮೊಬೈಲ್ ಟವರಿನ ಮೇಲೆ ಬೀಳುವ ಹೊರೆಯೂ ಹಾಗೆಯೇ ಏರುತ್ತದೆ. ಒಂದು ಟವರಿನ ಅಲೆಗಳನ್ನು ಅದರ ನೆರಳಿನಲ್ಲಿರುವ ಎಲ್ಲ ಫೋನುಗಳೂ ಹಂಚಿಕೊಳ್ಳಬೇಕಾದ್ದರಿಂದ, ಸಿಮ್ ಕಾರ್ಡಿನ ಮೇಲೆ ನಡೆಯುವ ಹೆಬ್ಬೆಟ್ಟಿನ ಯಂತ್ರ ಪೂರ್ತಿ ಕಡ್ಡಿಗಳನ್ನು ತೋರಿಸುತ್ತಲೇ ಉತ್ತರಕ್ಕಾಗಿ ಕಾದು ಸೋಲುತ್ತದೆ; ಕಡ್ಡಿಗಳು ಹೇಳುವುದು ಟವರಿನ ಅಲೆ ಎಷ್ಟು ಬಲವಾಗಿ ತಲುಪುತ್ತಿದೆ ಎಂಬುದನ್ನೇ ಹೊರತು ಅದರಲ್ಲಿ ಜಾಗವಿದೆಯೇ ಎಂಬುದನ್ನಲ್ಲ.

ಅಂಗಡಿಯ ಯಂತ್ರದಲ್ಲಿ ಒತ್ತಿದ ಬೆರಳಚ್ಚು ಗುಪ್ತಲಿಪಿಯಾಗಿ ಟವರಿಗೆ, ಅಲ್ಲಿಂದ ರಾಜ್ಯದ ಪಡಿತರ ಸರ್ವರಿಗೆ, ಅಲ್ಲಿಂದ ಬೆಂಗಳೂರು ಇಲ್ಲವೇ ಹರಿಯಾಣದ ಮಾನೇಸರದಲ್ಲಿರುವ ಆಧಾರ್ ದತ್ತಾಂಶ ಕೇಂದ್ರಕ್ಕೆ ಹೋಗಿ ಹೌದು ಅಥವಾ ಇಲ್ಲ ಎಂಬ ಒಂದು ಮಾತನ್ನು ಹೊತ್ತು ಹಿಂತಿರುಗಬೇಕು. ಈ ದಾರಿಯಲ್ಲಿ ಎಲ್ಲಿ ತಡೆಯಾಗಿದೆ ಎಂದು ತಿಳಿಯಲು ದಾರಿಯನ್ನು ಎರಡಾಗಿ ಪಾಲು ಮಾಡಿ ನೋಡುವುದು ಹಳೆಯ ಉಪಾಯ. ಅಮೆರಿಕದ ಮೈಕ್ ಮೂಸ್ 1983ರಲ್ಲಿ ಬರೆದ ಪಿಂಗ್ ಎಂಬ ಪುಟ್ಟ ತಂತ್ರಾಂಶ ಹೆಸರಿಸಿದ ಯಂತ್ರಕ್ಕೆ ಒಂದು ಸಂದೇಶ ಕಳಿಸಿ ಮರುಸಂದೇಶ ಬರುವವರೆಗಿನ ಹೊತ್ತನ್ನು ಎಣಿಸುತ್ತದೆ. ಕಚೇರಿಯ ರೂಟರಿಗೆ ಕಳಿಸಿದ್ದು ಮರಳಿ ಬಂದು ಹೊರಗಿನ ಯಂತ್ರಕ್ಕೆ ಕಳಿಸಿದ್ದು ಬಾರದಿದ್ದರೆ ಕಚೇರಿಯೊಳಗೆ ಹುಡುಕುವುದು ವ್ಯರ್ಥ. ಬಿಟ್ಟು ಬಿಟ್ಟು ಬರುವ ದೋಷಕ್ಕೆ ಒಮ್ಮೆ ಕಳಿಸಿ ನೋಡಿದರೆ ಸಾಲದು, ದಿನವಿಡೀ ಕಳಿಸುತ್ತಲೇ ಇದ್ದು ಯಾವ ಗಂಟೆಯಲ್ಲಿ ಎಷ್ಟು ಕಳೆದುಹೋದವು ಎಂದು ಬರೆದಿಡಬೇಕು.

ಮುರುಗಮಲ್ಲದಂತಹ ಒಣಭೂಮಿಯ ಊರುಗಳಲ್ಲಿ ಬಹುಪಾಲು ನಿಗೂಢಗಳ ಬುಡ ಮಾತ್ರ ಅರ್ಥಿಂಗಿನಲ್ಲಿದೆ. ಅರ್ಥಿಂಗ್ ಎಂದರೆ ಯಂತ್ರದ ಲೋಹದ ಮೈಯಿಂದ ಸೋರುವ ವಿದ್ಯುತ್ತು ಮನುಷ್ಯನ ಮೈಯನ್ನಾಗಲಿ ಜಾಲದ ಕೇಬಲನ್ನಾಗಲಿ ಹಿಡಿಯದೆ ನೆಲಕ್ಕಿಳಿದು ಹೋಗುವಂತೆ ಮಾಡಿದ ದಾರಿ. ಗುಂಡಿ ತೋಡಿ, ಪೈಪನ್ನೋ ತಗಡನ್ನೋ ಇಳಿಸಿ, ಸುತ್ತಲೂ ಇದ್ದಿಲು ಮತ್ತು ಉಪ್ಪು ತುಂಬಿ, ಮೇಲಿನಿಂದ ನೀರು ಹುಯ್ಯುವುದು ರೂಢಿಯ ವಿಧಾನ; ಭಾರತೀಯ ಮಾನಕ ಸಂಖ್ಯೆ 3043 ಇದರ ಕ್ರಮವನ್ನು ವಿವರಿಸುತ್ತದೆ. ತೇವದ ಎರೆಮಣ್ಣಿನಲ್ಲಿ ಸುಲಭವಾಗಿ ಒದಗುವ ಈ ದಾರಿ, ಒಣಗಿದ ಕಣಶಿಲೆಯಲ್ಲಿ ಹತ್ತಾರು ಪಟ್ಟು ಹೆಚ್ಚಿನ ರೋಧದಿಂದ ಮುಚ್ಚಿಹೋಗುತ್ತದೆ. ಆಗ ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆ 230 ವೋಲ್ಟಿನ ಅರ್ಧದಷ್ಟು ಒತ್ತಡದಲ್ಲಿ ತೇಲುತ್ತಿರುತ್ತದೆ. ಹಿಂಬದಿಯ ತಿರುಪಿಗೆ ಮೊಣಕೈ ತಾಗಿದರೆ ಜುಮ್ಮೆನ್ನುತ್ತದೆ, ನೌಕರರು ಕಾಲಡಿಗೆ ಹಲಗೆಯೊಂದನ್ನು ಹಾಕಿಕೊಂಡು ಕೆಲಸ ಮುಂದುವರಿಸುತ್ತಾರೆ. ಬೇರೆ ಬೇರೆ ಕೋಣೆಯ ಎರಡು ಯಂತ್ರಗಳು ಹೀಗೆ ಬೇರೆ ಬೇರೆ ಮಟ್ಟದಲ್ಲಿ ತೇಲುತ್ತಿರುವಾಗ ಅವುಗಳನ್ನು ಲೋಹದ ಕೇಬಲಿನಿಂದ ಜೋಡಿಸಿದರೆ ಮಾತಿನ ನಡುವೆ ಗದ್ದಲ ಸೇರುತ್ತದೆ, ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಸಿಡಿಲಿನ ಅಬ್ಬರ ಅದೇ ಕೇಬಲಿನ ಮೂಲಕ ರೂಟರಿನ ಬಾಗಿಲುಗಳನ್ನು ಒಂದೊಂದಾಗಿ ಸುಡುತ್ತದೆ. ಯಂತ್ರಗಳನ್ನು ವರ್ಷ ವರ್ಷವೂ ಬದಲಾಯಿಸಿ ಗುಂಡಿಗೆ ನೀರು ಹುಯ್ಯದಿರುವ ಕಚೇರಿ ಈ ದೋಷವನ್ನು ಎಂದಿಗೂ ಕಾಣುವುದಿಲ್ಲ. ಬೇಸಿಗೆಯ ಮೂರು ತಿಂಗಳು ವಾರಕ್ಕೊಮ್ಮೆ ಎರಡು ಕೊಡ ನೀರು, ವರ್ಷಕ್ಕೊಮ್ಮೆ ರೋಧದ ಅಳತೆ. ಕುಡಿಯುವ ನೀರಿಗೇ ಟ್ಯಾಂಕರು ಕಾಯುವ ಊರಿನಲ್ಲಿ ಆ ಎರಡು ಕೊಡವನ್ನು ಕೇಳುವುದೂ ಸಣ್ಣ ಮಾತಲ್ಲ ಎಂಬುದನ್ನು ಮರೆಯಬಾರದು.

ದೋಷದ ದಾಖಲೆಗೆ ವಿಶೇಷ ವಿದ್ಯೆ ಬೇಕಿಲ್ಲ. ದಿನಾಂಕ, ನಿಂತ ಗಂಟೆ, ಮರಳಿದ ಗಂಟೆ, ಕರೆಂಟಿತ್ತೇ, ಮಳೆಯಿತ್ತೇ, ಪಕ್ಕದ ಊರಿನಲ್ಲೂ ನಿಂತಿತ್ತೇ ಎಂಬ ಆರು ಅಂಕಣಗಳ ಒಂದು ನೋಟುಪುಸ್ತಕವನ್ನು ಎರಡು ತಿಂಗಳು ನಿಷ್ಠೆಯಿಂದ ತುಂಬಿದರೆ, ಪಂಪ್‌ಸೆಟ್ಟುಗಳಿಗೆ ಮೂರು ಫೇಸು ಕರೆಂಟು ಬರುವ ಹೊತ್ತಿಗೆ ಸರಿಯಾಗಿ ನಿಲ್ಲುವ ರೂಟರು, ಗುರುವಾರ ಸಂಜೆ ಯಾತ್ರಿಕರು ತುಂಬಿದಾಗ ತಡವರಿಸುವ ಸಿಮ್ಮು, ಮಧ್ಯಾಹ್ನದ ಬಿಸಿಲಿಗೆ ಕೆಂಪಾಗುವ ಫೈಬರು ಇವು ಒಂದೊಂದೂ ತಾವಾಗಿ ಬೇರೆಬೇರೆಯಾಗಿ ಕಾಣಿಸಿಕೊಳ್ಳುತ್ತವೆ.

ದುರಸ್ತಿ ಮಾತ್ರ ತನ್ನದೇ ಗತಿಯಲ್ಲಿ ನಡೆಯುವಂಥದ್ದು, ತಿಂಗಳ ಅಕ್ಕಿ ಅದಕ್ಕಾಗಿ ಕಾಯಲಾಗದು. 2013ರ ಆಹಾರ ಭದ್ರತಾ ಕಾಯಿದೆಯಡಿ ಪಡಿತರ ಜನರ ಹಕ್ಕಾಗಿದೆ. ಬೆರಳಚ್ಚು ಹೊಂದದ, ಜಾಲ ಸಿಗದ ಕಾರಣಕ್ಕೆ ಅರ್ಹರಿಗೆ ಧಾನ್ಯ ನಿರಾಕರಿಸಬಾರದು, ಅಂತಹ ಪ್ರಕರಣಗಳನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ಪಡಿತರ ಕೊಡಬೇಕು ಎಂದು 2017ರ ಅಕ್ಟೋಬರಿನಲ್ಲಿಯೇ ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಸೂಚಿಸಿದೆ. ಬಿಸಿನೀರಿನಲ್ಲಿ ಬೆರಳು ಸವೆಸಿಕೊಂಡ ಬಿಚ್ಚಾಣಿಕೆಯ ಹೆಂಗಸಿಗೂ, ಉರುಸಿನ ವಾರದಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಟವರಿನ ಉತ್ತರ ಕಾಯುವ ಮುದುಕನಿಗೂ ಅಂದೇ ಚೀಲ ತುಂಬಿಸಿ ಕಳಿಸಲು ಅಂಗಡಿಯವನಿಗೆ ಅಧಿಕಾರ ಕೊಡುವುದು ಆ ವಹಿ. ಅದು ಅಂಗಡಿಯಲ್ಲಿ ಇದೆಯೇ, ಇದ್ದರೆ ಅದರಲ್ಲಿಯ ಕೊನೆಯ ದಾಖಲೆ ಯಾವ ತಿಂಗಳಿನದು ಎಂಬುದನ್ನು ತಪಾಸಣೆಗೆ ಬರುವ ಆಹಾರ ನಿರೀಕ್ಷಕರು ಯಂತ್ರವನ್ನು ಹಚ್ಚಿ ನೋಡುವುದಕ್ಕೂ ಮೊದಲು ಕೇಳಬೇಕು.